ನೀಲಿ ಬರಬೇಕಾದಲ್ಲಿ ಹಳದಿ: ಸೀಸವಿಲ್ಲದ ಪೆರೋವ್‌ಸ್ಕೈಟ್‌ಗೆ ಆಂಟಿಮೊನಿ ಬೆರೆಸುವ ಕೆಲಸ

ಈ ಪೆರೋವ್‌ಸ್ಕೈಟ್‌ನ ಪುಡಿ ಬೆಳ್ಳಗಿರುತ್ತದೆ. ಕೋಣೆಯ ಬೆಳಕಿನಲ್ಲಿ ಅದಕ್ಕೂ ಪುಡಿ ಉಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕತ್ತಲು ಮಾಡಿ 254 ನ್ಯಾನೋಮೀಟರಿನ ಯುವಿ ದೀಪ ಹಿಡಿದ ಕೂಡಲೇ ಗಾಢ ನೀಲಿ ಬೆಳಕು ಏಳಬೇಕು. ಮೊದಲ ಒಂದೆರಡು ಬ್ಯಾಚುಗಳಲ್ಲಿ ಸಾಮಾನ್ಯವಾಗಿ ಏಳುವುದು ನೀಲಿಯಲ್ಲ, ಮಾಸಲು ಬಿಳಿ. ಅಲ್ಲಲ್ಲಿ ಹಳದಿ ಚುಕ್ಕೆಗಳೂ ಇರುತ್ತವೆ. ಅದೇ ಪುಡಿಯನ್ನು ಎಕ್ಸ್‌ಆರ್‌ಡಿಗೆ, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆಗೆ, ಕೊಟ್ಟರೆ ‘ಶುದ್ಧವಾಗಿದೆ’ ಎಂದು ವರದಿ ಬರುತ್ತದೆ. ಈ ಕೆಲಸದ ಮುಕ್ಕಾಲು ಪಾಲು ತಲೆನೋವು ಇಲ್ಲೇ ಇದೆ: ಎಕ್ಸ್‌ರೇಗೆ ಕಾಣದ ಕಲ್ಮಶ ಬೆಳಕಿಗೆ ಕಾಣುತ್ತದೆ.

ವಸ್ತುವಿನ ಹೆಸರು ಸೀಸಿಯಂ ಸೋಡಿಯಂ ಇಂಡಿಯಂ ಕ್ಲೋರೈಡ್. ಎರಡು ಸೀಸಿಯಂ, ಒಂದು ಸೋಡಿಯಂ, ಒಂದು ಇಂಡಿಯಂ, ಆರು ಕ್ಲೋರಿನ್. ಪೆರೋವ್‌ಸ್ಕೈಟ್ ಎಂಬುದು ಒಂದು ಬಗೆಯ ಹರಳಿನ ರಚನೆಯ ಹೆಸರು. ಸೀಸದ ಪೆರೋವ್‌ಸ್ಕೈಟ್‌ನಲ್ಲಿ ಎರಡು ಸೀಸದ ಅಯಾನುಗಳು, ಅಂದರೆ ಎರಡು 2+, ಕೂರುವ ಜಾಗದಲ್ಲಿ ಇಲ್ಲಿ ಒಂದು 1+ ಮತ್ತು ಒಂದು 3+ ಕೂರುತ್ತವೆ. ಲೆಕ್ಕ ಸರಿಹೋಗುತ್ತದೆ, ಸೀಸ ತಪ್ಪುತ್ತದೆ. ಇದಕ್ಕೆ ಡಬಲ್ ಪೆರೋವ್‌ಸ್ಕೈಟ್ ಎನ್ನುತ್ತಾರೆ. ತವರವನ್ನು 2+ ರೂಪದಲ್ಲಿ ಹಾಕಿಯೂ ಸೀಸ ತಪ್ಪಿಸಬಹುದು, ಆದರೆ ಅದು ಗಾಳಿ ಸೋಕಿದರೆ 4+ ಆಗಿಬಿಡುತ್ತದೆ. ಸೋಡಿಯಂ-ಇಂಡಿಯಂ ಜೋಡಿಗೆ ಆ ಚಿಂತೆ ಇಲ್ಲ. ಬದಲಿಗೆ ಬೇರೆ ಕೊರತೆ: ಇದರ ಬ್ಯಾಂಡ್ ಗ್ಯಾಪ್ (ಹರಳಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ಬೇಕಾದ ಶಕ್ತಿ) ಬಹಳ ಅಗಲ, ಸುಮಾರು 5 ಎಲೆಕ್ಟ್ರಾನ್ ವೋಲ್ಟ್. ತಾನಾಗಿ ಹೊಳೆಯುವುದು ಏನೇನೂ ಸಾಲದು. ಹೊಳಪು ಬರಬೇಕಾದರೆ ಇಂಡಿಯಂ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಆಂಟಿಮೊನಿ 3+ ಕೂರಿಸಬೇಕು. ಸೀಸದಂತೆಯೇ ಆಂಟಿಮೊನಿಗೂ ಹೊರಗಿನ ಎಸ್ ಕಕ್ಷಕದಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಉಳಿದಿರುತ್ತದೆ. 320ರಿಂದ 335 ನ್ಯಾನೋಮೀಟರ್ ಬೆಳಕು ಬಿದ್ದರೆ ಅದರಲ್ಲೊಂದು ಪಿ ಕಕ್ಷಕಕ್ಕೆ ಜಿಗಿಯುತ್ತದೆ, ಸುತ್ತಲಿನ ಆರು ಕ್ಲೋರಿನ್‌ಗಳು ಸರಿದು ಜಾಗ ಮಾಡಿಕೊಳ್ಳುತ್ತವೆ, ಆ ಸರಿದಾಟದಲ್ಲಿ ಒಂದಿಷ್ಟು ಶಕ್ತಿ ಕಳೆದು ಉಳಿದದ್ದು 445 ನ್ಯಾನೋಮೀಟರಿನ ನೀಲಿಯಾಗಿ ಹೊರಬರುತ್ತದೆ. ಲೆಕ್ಕ ಹಾಕಿದರೆ 3.70 ಎಲೆಕ್ಟ್ರಾನ್ ವೋಲ್ಟ್ ಒಳಗೆ, 2.79 ಹೊರಗೆ.

ಈಗ ತೂಕ. 5 ಮಿಲಿಮೋಲ್ ಬ್ಯಾಚ್, ಇಂಡಿಯಂನ ಶೇ. 5ರಷ್ಟು ಜಾಗಕ್ಕೆ ಆಂಟಿಮೊನಿ ಎಂದಿಟ್ಟುಕೊಳ್ಳಿ. ಸೀಸಿಯಂ ಕ್ಲೋರೈಡ್ 1.684 ಗ್ರಾಂ, ಸೋಡಿಯಂ ಕ್ಲೋರೈಡ್ 0.292 ಗ್ರಾಂ, ಇಂಡಿಯಂ ಕ್ಲೋರೈಡ್ ಟೆಟ್ರಾಹೈಡ್ರೇಟ್ 1.393 ಗ್ರಾಂ, ಆಂಟಿಮೊನಿ 0.25 ಮಿಲಿಮೋಲ್. ಪೂರ್ತಿ ಕೂಡಿಬಂದರೆ 3.08 ಗ್ರಾಂ ಪುಡಿ. ಇಂಡಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಬಾಟಲಿ ಹಳೆಯದಾದರೆ ‘ಟೆಟ್ರಾ’ ಎಂಬುದು ಲೇಬಲ್ಲಿನ ಮೇಲಷ್ಟೇ ಉಳಿಯುತ್ತದೆ. ಇಂಡಿಯಂ ಕಡಿಮೆ ಬಿದ್ದ ಬ್ಯಾಚಿನಲ್ಲಿ ಆಂಟಿಮೊನಿಯ ಶೇಕಡಾವೂ ಸದ್ದಿಲ್ಲದೆ ಏರುತ್ತದೆ. ಅದಕ್ಕೇ ಈಗ ಇಂಡಿಯಂ ಆಕ್ಸೈಡ್ 0.659 ಗ್ರಾಂ ತೂಗಿ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತೇವೆ. ಕರಗಲು ತಾಳ್ಮೆ ಬೇಕು, ಆದರೆ ತೂಕ ಸುಳ್ಳು ಹೇಳುವುದಿಲ್ಲ.

ಆಂಟಿಮೊನಿಗೂ ಇದೇ ಉಪಾಯ. ಆಂಟಿಮೊನಿ ಕ್ಲೋರೈಡನ್ನು ತಕ್ಕಡಿಯ ಮೇಲೆ ತೂಗಹೊರಟರೆ 57 ಮಿಲಿಗ್ರಾಂ ತೂಗುವಷ್ಟರಲ್ಲಿ ಕಣಗಳು ಬೆವರಿ ಸ್ಪ್ಯಾಚುಲಾಕ್ಕೆ ಅಂಟಿಕೊಳ್ಳುತ್ತವೆ, ಅಂಕಿ ಏರುತ್ತಲೇ ಇರುತ್ತದೆ. ಅದರ ಬದಲು ಆಂಟಿಮೊನಿ ಟ್ರೈಆಕ್ಸೈಡ್ 1.458 ಗ್ರಾಂ ತೂಗಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ 100 ಮಿಲಿಲೀಟರಿಗೆ ಏರಿಸಿ. ಇದು 0.1 ಮೋಲಾರ್ ಸ್ಟಾಕ್, ಅಂದರೆ ತಯಾರಿಸಿಟ್ಟುಕೊಳ್ಳುವ ಮೂಲ ದ್ರಾವಣ. ಒಂದು ಬ್ಯಾಚಿಗೆ 2.5 ಮಿಲಿಲೀಟರ್ ಸಾಕು. ಸ್ಟಾಕ್ ತಯಾರಿಸುವಾಗ, ಪಿಪೆಟ್ ತೊಳೆಯುವಾಗ, ಎಲ್ಲೂ ನೀರು ಮುಟ್ಟಿಸಬಾರದು. ಹನಿ ನೀರು ಬಿದ್ದಲ್ಲಿ ಹಾಲಿನಂಥ ಮೋಡ ಏಳುತ್ತದೆ. ಅದು ಆಂಟಿಮೊನಿ ಆಕ್ಸಿಕ್ಲೋರೈಡ್. ಹಾಗೆ ಪಿಪೆಟ್ಟಿನ ತುದಿಯಲ್ಲಿ ಕೂತ ಬಿಳಿ ಪೊರೆ ಮುಂದಿನ ಮೂರು ಬ್ಯಾಚುಗಳ ಲೆಕ್ಕ ಕೆಡಿಸುತ್ತದೆ.

ಆಮ್ಲದ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ. ನೀರಿನಷ್ಟು ತಿಳಿಯಾಗಿರಬೇಕು. ಕೈಗಾರಿಕೆ ದರ್ಜೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಇರುವ ಹಳದಿ ಛಾಯೆ ಕಬ್ಬಿಣದ್ದು. ಕಬ್ಬಿಣ 3+ ಇಂಡಿಯಂ ಜಾಗದಲ್ಲೇ ಹೋಗಿ ಕೂರುತ್ತದೆ, ಯುವಿಯನ್ನೂ ನೀಲಿಯನ್ನೂ ನುಂಗುತ್ತದೆ, ತಿರುಗಿ ಏನೂ ಕೊಡುವುದಿಲ್ಲ. ಕೋಣೆಯ ಬೆಳಕಿನಲ್ಲೇ ಪುಡಿ ಕೆನೆ ಬಣ್ಣ ತಿರುಗಿದ್ದರೆ ಕಬ್ಬಿಣವನ್ನು ಅನುಮಾನಿಸಿ. ಹಗಲಿನಲ್ಲಿ ಬೆಳ್ಳಗಿದ್ದು ಯುವಿಯಲ್ಲಿ ಮಾತ್ರ ಹಳದಿಯಾದರೆ ಅದರ ಕಾರಣವೇ ಬೇರೆ. ಈ ಎರಡು ಹಳದಿಗಳನ್ನು ಬೆರೆಸಿಕೊಂಡರೆ ವಾರಗಟ್ಟಲೆ ತಪ್ಪು ಕಡೆ ಹುಡುಕಬೇಕಾಗುತ್ತದೆ.

ಎರಡನೆಯ ಹಳದಿಯ ಬೇರು ಉಪ್ಪಿನಲ್ಲಿದೆ. ಸೀಸಿಯಂ, ಇಂಡಿಯಂ ಎರಡೂ ಸಾಂದ್ರ ಆಮ್ಲದಲ್ಲಿ ಸಲೀಸಾಗಿ ಕರಗುತ್ತವೆ. ಸೋಡಿಯಂ ಕ್ಲೋರೈಡ್ ಕರಗುವುದಿಲ್ಲ. ಆಮ್ಲದಲ್ಲಿ ಆಗಲೇ ಕ್ಲೋರೈಡ್ ಕಿಕ್ಕಿರಿದಿರುವುದರಿಂದ ಉಪ್ಪು ತಳದಲ್ಲೇ ಕೂರುತ್ತದೆ. ಅಂದರೆ ದ್ರಾವಣದಲ್ಲಿ ಸೋಡಿಯಂಗೆ ಸದಾ ಬರ. ಸೋಡಿಯಂ ಸಿಗದ ಸೀಸಿಯಂ ಮತ್ತು ಇಂಡಿಯಂ ಸುಮ್ಮನೆ ಕೂರುವುದಿಲ್ಲ, ನೀರಿನ ಒಂದು ಅಣುವನ್ನು ಸೇರಿಸಿಕೊಂಡು ಬೇರೆಯದೇ ಹರಳು ಕಟ್ಟುತ್ತವೆ: ಎರಡು ಸೀಸಿಯಂ, ಒಂದು ಇಂಡಿಯಂ, ಐದು ಕ್ಲೋರಿನ್, ಒಂದು ನೀರು. ಇದನ್ನು ಇಲ್ಲಿ ಹೈಡ್ರೇಟ್ ಎಂದೇ ಕರೆಯೋಣ. ಇದೂ ಆಂಟಿಮೊನಿಯನ್ನು ಸಂತೋಷದಿಂದ ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಹೊಳೆಯುವುದು 580 ನ್ಯಾನೋಮೀಟರ್ ಆಸುಪಾಸಿನ ಹಳದಿಯಲ್ಲಿ. ಅದೂ ಬಹಳ ಪ್ರಕಾಶವಾಗಿ. ಕಲ್ಮಶ ಮಂಕಾಗಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹಾಗಾಗಿ ಉಪ್ಪನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು ಹಾಕಬೇಕು, ಲೆಕ್ಕಕ್ಕಿಂತ ಶೇ. 10 ಹೆಚ್ಚೇ ಹಾಕಬೇಕು, ಅಂದರೆ 0.321 ಗ್ರಾಂ. ಉಳಿದ ಉಪ್ಪು ಪುಡಿಯಲ್ಲಿ ಬೆರೆತೇ ಇರುತ್ತದೆ, ತೂಕ ಸ್ವಲ್ಪ ಹೆಚ್ಚು ತೋರಿಸುತ್ತದೆ, ನಿಜ. ಆದರೆ ಉಪ್ಪು ಹೊಳೆಯುವುದಿಲ್ಲ. ಹೆಚ್ಚಾದರೆ ಮೂಕ ಕಲ್ಮಶ, ಕಡಿಮೆಯಾದರೆ ಕೂಗುವ ಕಲ್ಮಶ. ಎರಡರಲ್ಲಿ ಮೊದಲನೆಯದೇ ವಾಸಿ.

ಬೀಕರಿನಲ್ಲಿ ಬಿಸಿ ಆಮ್ಲಕ್ಕೆ ಎಲ್ಲ ಸುರಿದು ಕೂಡಲೇ ತಳಕ್ಕಿಳಿಯುವ ಪುಡಿಯನ್ನು ಸೋಸಿಕೊಳ್ಳುವ ಚುಟುಕು ದಾರಿಯೂ ಇದೆ. ಸೋಡಿಯಂ ಕೊರತೆಯ ಕಾರಣ ಅದರಲ್ಲಿ ಹೈಡ್ರೇಟ್ ಬೆರೆಯುವುದು ಹೆಚ್ಚು. ಆಟೋಕ್ಲೇವ್, ಅಂದರೆ ಭದ್ರವಾಗಿ ಮುಚ್ಚಿ ಒತ್ತಡದಲ್ಲಿ ಕಾಯಿಸುವ ಉಕ್ಕಿನ ಪಾತ್ರೆ, ನಿಧಾನ, ಆದರೆ ನಂಬಿಕಸ್ಥ. ಅದರೊಳಗೆ ಕೂರುವ 25 ಮಿಲಿಲೀಟರಿನ ಟೆಫ್ಲಾನ್ ಲೈನರಿಗೆ ಎಲ್ಲವನ್ನೂ ಹಾಕಿ, ಸ್ಟಾಕ್ ಸೇರಿ ಒಟ್ಟು ಆಮ್ಲ 10 ಮಿಲಿಲೀಟರ್ ಆಗುವಂತೆ ನೋಡಿ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಶೇ. 37ರ ಆಮ್ಲ ಬಿಸಿಯಾದಾಗ ನೀರಿನ ಹಬೆಯ ಜೊತೆ ಹೈಡ್ರೋಜನ್ ಕ್ಲೋರೈಡ್ ಅನಿಲದ ಒತ್ತಡವೂ ಸೇರುತ್ತದೆ. 180 ಡಿಗ್ರಿ ಸೆಲ್ಸಿಯಸ್, 12 ಗಂಟೆ. ಆ ಉಷ್ಣತೆಯಲ್ಲಿ ಉಪ್ಪು ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಹೋಗಿ ಹರಳಿಗೆ ಸೇರಿಕೊಳ್ಳುತ್ತದೆ. ಪುಡಿ ಸಾಕೆಂದರೆ ಒಲೆ ಆರಿಸಿ ತಾನಾಗಿ ತಣಿಯಲು ಬಿಡಿ. ಮಿಲಿಮೀಟರ್ ಗಾತ್ರದ ಹರಳು ಬೇಕಾದರೆ ಗಂಟೆಗೆ 3 ಡಿಗ್ರಿಯಂತೆ ಇಳಿಸಬೇಕು. 30 ಡಿಗ್ರಿ ಮುಟ್ಟಲು 50 ಗಂಟೆ ಹಿಡಿಯುತ್ತದೆ. ಎಷ್ಟೇ ಅವಸರವಿದ್ದರೂ ಬಿಸಿ ಇರುವಾಗ ಮುಚ್ಚಳ ತಿರುಗಿಸಬೇಡಿ. ತೆರೆಯುವುದು ಫ್ಯೂಮ್ ಹುಡ್ ಒಳಗೇ.

ಲೈನರ್ ಬಗ್ಗೆ ಎರಡು ಮಾತು. ಟೆಫ್ಲಾನ್‌ನಲ್ಲಿ ಅನಿಲ ಸ್ವಲ್ಪ ಸ್ವಲ್ಪವಾಗಿ ನುಸುಳಿ ಹೊರಗಿನ ಉಕ್ಕಿನ ಕವಚವನ್ನು ತಿನ್ನುತ್ತದೆ. ಮುಚ್ಚಳದ ಅಂಚಿನಲ್ಲಿ ತುಕ್ಕು ಕಂಡರೆ ಒರೆಸದೆ ಲೈನರ್ ಮೇಲೆತ್ತಬೇಡಿ, ಆ ತುಕ್ಕಿನ ಕಣವೇ ಒಳಗೆ ಬಿದ್ದು ಮೇಲೆ ಹೇಳಿದ ಕಬ್ಬಿಣವಾಗುತ್ತದೆ. ಇನ್ನೊಂದು, ಲೈನರಿಗೆ ನೆನಪಿನ ಶಕ್ತಿ ಇದೆ. ಆಂಟಿಮೊನಿ ಹಾಕಿದ ಲೈನರಿನಲ್ಲಿ ಆಮೇಲೆ ಏನೂ ಬೆರೆಸದ ಶುದ್ಧ ಹರಳು ಬೆಳೆಸಿದರೆ ಅದೂ ಮೆಲ್ಲಗೆ ನೀಲಿ ಬೀರುತ್ತದೆ. ‘ಡೋಪ್ ಮಾಡದ ಹರಳಿಗೂ ಸ್ವಂತ ನೀಲಿ ಇದೆ’ ಎಂದು ಬರೆದುಕೊಳ್ಳುವ ಮೊದಲು ಹೊಸ ಲೈನರಿನಲ್ಲಿ ಒಮ್ಮೆ ಮಾಡಿ ನೋಡಬೇಕು. ನಾವು ಆಂಟಿಮೊನಿಗೊಂದು, ಮ್ಯಾಂಗನೀಸಿಗೊಂದು, ಖಾಲಿಗೊಂದು ಎಂದು ಲೈನರಿನ ತಳದಲ್ಲಿ ಕೊರೆದು ಗುರುತು ಮಾಡಿಟ್ಟಿದ್ದೇವೆ.

ತೊಳೆಯುವುದು ನೀರಿನಲ್ಲಲ್ಲ. ನೀರು ಬಿದ್ದರೆ ಹರಳಿನ ಮೇಲ್ಮೈ ಕರಗುತ್ತದೆ, ಕರಗಿದ್ದು ಒಣಗುವಾಗ ಹೈಡ್ರೇಟ್ ಆಗಿ ಕೂರುತ್ತದೆ. ನೀರಿಲ್ಲದ ಎಥನಾಲಿನಲ್ಲಿ 10 ಮಿಲಿಲೀಟರಿನಂತೆ ಮೂರು ಸಲ ತೊಳೆದು, 80 ಡಿಗ್ರಿಯಲ್ಲಿ ನಿರ್ವಾತದ ಒಲೆಯಲ್ಲಿ ರಾತ್ರಿಯಿಡೀ ಇಡಿ. ಶೇ. 95ರ ಎಥನಾಲಿನಲ್ಲಿ ಉಳಿದ ಐದು ಪಾಲು ನೀರೇ, ಅದನ್ನು ದೂರವಿಡಿ. ಒಲೆಯಲ್ಲಿ ಒಣಗಿಸಿದರೆ ಹೈಡ್ರೇಟಿನ ನೀರೂ ಹೋಗುತ್ತದೆ ಎಂದುಕೊಳ್ಳಬೇಡಿ. ಅದು ಮೇಲೆ ಅಂಟಿದ ತೇವವಲ್ಲ, ಇಂಡಿಯಂಗೇ ಕಟ್ಟಿಕೊಂಡ ನೀರು. 80 ಡಿಗ್ರಿಗೆ ಜಗ್ಗುವುದಿಲ್ಲ.

ಇನ್ನು ದೀಪದ ಪರೀಕ್ಷೆ. ಐದು ನಿಮಿಷದ ಕೆಲಸವಾದರೂ ಇದಕ್ಕೆ ಕೊಡುವ ಗಮನ ಸಾಲದು ಎಂಬುದು ನಮ್ಮ ಅಭಿಪ್ರಾಯ. ಗಾಜಿನ ಬಾಟಲಿಯ ಹೊರಗಿನಿಂದ 254ರ ದೀಪ ಹಿಡಿದರೆ ಏನೂ ಕಾಣುವುದಿಲ್ಲ, ಗಾಜೇ ಆ ಬೆಳಕನ್ನು ತಡೆಯುತ್ತದೆ. ಕ್ವಾರ್ಟ್ಜ್ ತಟ್ಟೆಯ ಮೇಲೆ ಪುಡಿ ಹರಡಬೇಕು. ಹಾಳೆಯ ಮೇಲೆ ಹರಡಿದರೆ ಮೋಸ ಹೋಗುತ್ತೀರಿ: ಬಿಳಿ ಕಾಗದಕ್ಕೆ ಹಾಕುವ ಹೊಳಪುಕಾರಕಗಳು ಯುವಿಯಲ್ಲಿ ಸರಿಯಾಗಿ ಇದೇ 440ರ ನೀಲಿಯನ್ನು ಬೀರುತ್ತವೆ. ಲ್ಯಾಬ್ ಕೋಟಿನ ಒಂದು ಎಳೆ ಪುಡಿಯಲ್ಲಿ ಬಿದ್ದರೂ ಸಾಕು. ತಟ್ಟೆಯನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು, ಯುವಿ ಕನ್ನಡಕ ಹಾಕಿಕೊಂಡು, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ನೋಡಿ.

ಎರಡು ದೀಪಗಳನ್ನೂ ಹಿಡಿಯಬೇಕು, 254 ಮತ್ತು 365. 365ನ್ನು ನಮ್ಮ ನೀಲಿ ಹರಳು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಅದರ ಹೀರಿಕೆಯ ಬಾಲ ಅಷ್ಟರಲ್ಲಿ ಮುಗಿದಿರುತ್ತದೆ. ಹೈಡ್ರೇಟಿನ ಬಾಲ ಇನ್ನೂ ಸ್ವಲ್ಪ ಉಳಿದಿರುತ್ತದೆ. ಹೀಗಾಗಿ 254ರಲ್ಲಿ ಇಡೀ ತಟ್ಟೆ ನೀಲಿಯಾಗಿ ಕಂಡ ಪುಡಿಗೆ 365ರ ಟಾರ್ಚ್ ಬಿಟ್ಟಾಗ ನೀಲಿಯೆಲ್ಲ ಆರಿ, ಕತ್ತಲಲ್ಲಿ ಹತ್ತಿಪ್ಪತ್ತು ಹಳದಿ ಕಣಗಳು ಮಾತ್ರ ಕಿಡಿಗಳಂತೆ ಉಳಿಯುತ್ತವೆ. ಸೂಜಿಮೊನೆಯಲ್ಲಿ ಒಂದೊಂದನ್ನೇ ಹೆಕ್ಕಿ ತೆಗೆಯಬಹುದು, ಅಷ್ಟು ಸ್ಪಷ್ಟ. ಇದನ್ನು ತಿಳಿಯದೆ 365ರ ಟಾರ್ಚ್ ಒಂದನ್ನೇ ಇಟ್ಟುಕೊಂಡವರು ಒಳ್ಳೆಯ ನೀಲಿ ಪುಡಿಯನ್ನು ‘ಹೊಳೆಯುತ್ತಿಲ್ಲ’ ಎಂದು ಬಿಸಾಡಿ, ಹಳದಿ ಬಂದದ್ದನ್ನು ಗೆಲುವೆಂದು ಇಟ್ಟುಕೊಳ್ಳುವುದೂ ಉಂಟು.

ದೀಪದಲ್ಲಿ ಪಾಸಾದ ಮೇಲೆ ಎಕ್ಸ್‌ಆರ್‌ಡಿ. ತಾಮ್ರದ ಕೆ-ಆಲ್ಫಾ ಎಕ್ಸ್‌ರೇ ಬಳಸಿದರೆ ಘನಾಕೃತಿಯ ಈ ಹರಳು, ಅದರ ಅಂಚು 10.53 ಆಂಗ್‌ಸ್ಟ್ರಾಮ್, ಸುಮಾರು 23.9, 34.0 ಮತ್ತು 48.9 ಡಿಗ್ರಿಗಳಲ್ಲಿ ಬಲವಾದ ಗೆರೆ ಕೊಡುತ್ತದೆ. 31.7 ಮತ್ತು 45.4ರಲ್ಲಿ ಸಣ್ಣ ಗೆರೆ ಕಂಡರೆ ಅದು ಉಳಿದ ಉಪ್ಪು. ಇಲ್ಲಿಯವರೆಗೆ ಸರಿ. ತಕರಾರಿರುವುದು ‘ಗೆರೆ ಸರಿದಿದೆ, ಆದ್ದರಿಂದ ಡೋಪಿಂಗ್ ಆಗಿದೆ’ ಎಂಬ ವಾದದ ಬಗ್ಗೆ. ಅಯಾನ್ ತ್ರಿಜ್ಯದ ಪಟ್ಟಿ ನೋಡಿದರೆ ಆಂಟಿಮೊನಿ 0.76 ಆಂಗ್‌ಸ್ಟ್ರಾಮ್, ಇಂಡಿಯಂ 0.80. ಹರಳು ಕುಗ್ಗಬೇಕು. ನಿಜದಲ್ಲಿ ಹಿಗ್ಗುತ್ತದೆ, ಕ್ಲೋರಿನ್ ಜೊತೆ ಆಂಟಿಮೊನಿಯ ಬಂಧ ಇಂಡಿಯಂನದಕ್ಕಿಂತ ಉದ್ದ. ಪೂರ್ತಿ ಆಂಟಿಮೊನಿಯದೇ ಹರಳಿನ ಅಂಚು ಸುಮಾರು 10.78. ಈ ಎರಡರ ನಡುವೆ ನೇರ ಗೆರೆ ಎಳೆದರೆ ಶೇ. 1 ಆಂಟಿಮೊನಿಗೆ 34 ಡಿಗ್ರಿಯ ಗೆರೆ ಸರಿಯುವುದು 0.008 ಡಿಗ್ರಿಯಷ್ಟು. ಪುಡಿಯನ್ನು ಹೋಲ್ಡರಿನಲ್ಲಿ ಒತ್ತುವಾಗ ಎತ್ತರ 0.1 ಮಿಲಿಮೀಟರ್ ತಪ್ಪಿದರೆ, 150 ಮಿಲಿಮೀಟರ್ ತ್ರಿಜ್ಯದ ಯಂತ್ರದಲ್ಲಿ ಆಗುವ ಸರಿತ 0.07 ಡಿಗ್ರಿ. ಎಂಟು ಪಟ್ಟಿಗೂ ಹೆಚ್ಚು. ಸಿಲಿಕಾನ್ ಪುಡಿ ಬೆರೆಸಿ ಅದರ ಗೆರೆಗೆ ಹೊಂದಿಸದ ಹೊರತು ಈ ಸರಿತಕ್ಕೆ ಅರ್ಥವಿಲ್ಲ.

ಎಷ್ಟು ಆಂಟಿಮೊನಿ ಒಳಗೆ ಹೋಯಿತು ಎಂಬುದಕ್ಕೆ ಐಸಿಪಿಯೇ (ಮಾದರಿಯನ್ನು ಪ್ಲಾಸ್ಮಾದಲ್ಲಿ ಕಾಯಿಸಿ ಧಾತುಗಳನ್ನು ಅಳೆಯುವ ಯಂತ್ರ) ಉತ್ತರ. ಹಾಕಿದ ಶೇ. 5ರಲ್ಲಿ ಹರಳಿಗೆ ಸೇರುವುದು ಕಡಿಮೆ, ಉಳಿದದ್ದು ಆಮ್ಲದಲ್ಲೇ ನಿಲ್ಲುತ್ತದೆ. ನಿಧಾನಕ್ಕೆ ಬೆಳೆಸಿದ ಹರಳಿನಲ್ಲಿ ಒಳಗೂ ಹೊರಗೂ ಒಂದೇ ಪ್ರಮಾಣ ಇರಬೇಕೆಂದೇನಿಲ್ಲ, ಬೆಳೆಯುತ್ತ ಹೋದಂತೆ ದ್ರಾವಣದ ಹದ ಬದಲಾಗುತ್ತಿರುತ್ತದೆ. 20 ಮಿಲಿಗ್ರಾಂ ಪುಡಿಯನ್ನು 10 ಮಿಲಿಲೀಟರ್ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಶೇ. 1 ಆಂಟಿಮೊನಿ ಲೀಟರಿಗೆ 4 ಮಿಲಿಗ್ರಾಂ ಆಗುತ್ತದೆ, ಅಳೆಯಲು ಧಾರಾಳ. ನೈಟ್ರಿಕ್ ಆಮ್ಲ ಒಂದರಲ್ಲೇ ಕರಗಿಸಬೇಡಿ, ಆಂಟಿಮೊನಿ ತಳಕ್ಕಿಳಿಯುತ್ತದೆ. ಮಾದರಿ ಕೊಡುವಾಗ ಯಂತ್ರ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು: ಐಸಿಪಿ-ಎಂಎಸ್‌ನಲ್ಲಿ ಆಂತರಿಕ ಮಾನಕವಾಗಿ ಇಂಡಿಯಂ ಹಾಕುವುದು ವಾಡಿಕೆ. ಇಲ್ಲಿ ಮಾದರಿಯ ತುಂಬ ಇಂಡಿಯಂ. ಹೇಳದಿದ್ದರೆ ಬರುವ ಅಂಕಿಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಹೊರಬರುವ ಬೆಳಕನ್ನು ಬಣ್ಣವಾರು ಅಳೆಯುವ ಸ್ಪೆಕ್ಟ್ರೋಫ್ಲೂರೋಮೀಟರಿನಲ್ಲಿ ಮೊದಲು ಕೈಕೊಡುವುದು ಬಣ್ಣ ಬಿಡಿಸುವ ಗ್ರೇಟಿಂಗ್. 320ರಲ್ಲಿ ಉದ್ದೀಪಿಸಿ 350ರಿಂದ 800ರವರೆಗೆ ಅಳೆದರೆ 640ರಲ್ಲಿ ಚೂಪಾದ ಒಂದು ಗೆರೆ ಸಿಗುತ್ತದೆ. ಅದು ವಸ್ತುವಿನದಲ್ಲ, 320ರ ಚದುರಿದ ಬೆಳಕೇ ಎರಡನೆಯ ಕ್ರಮದಲ್ಲಿ ಅಲ್ಲಿ ಬಿದ್ದದ್ದು. ಮ್ಯಾಂಗನೀಸ್ ಬೆರೆಸಿದ ಮಾದರಿಯಲ್ಲಿ ಕೆಂಪು ಬರಬೇಕಾದ ಜಾಗವೂ ಸುಮಾರು ಅದೇ ಆದ್ದರಿಂದ ಇದು ಸುಲಭವಾಗಿ ಮೋಸ ಮಾಡುತ್ತದೆ. ಹೊರಬೆಳಕಿನ ದಾರಿಯಲ್ಲಿ 350ಕ್ಕಿಂತ ಕೆಳಗಿನದನ್ನು ತಡೆಯುವ ಲಾಂಗ್‌ಪಾಸ್ ಫಿಲ್ಟರ್ ಇಟ್ಟರೆ ಗೆರೆ ಮಾಯ. ಅನುಮಾನ ಬಂದರೆ ಉದ್ದೀಪನವನ್ನು 330ಕ್ಕೆ ಸರಿಸಿ ನೋಡಿ. 640ರ ಗೆರೆ 660ಕ್ಕೆ ಓಡಿದರೆ ಸಂದೇಹವೇ ಬೇಡ.

ಎಮಿಷನ್, ಅಂದರೆ ಹೊರಬರುವ ಬೆಳಕು, ಒಂದನ್ನೇ ನೋಡಿ ತೃಪ್ತರಾಗಬಾರದು. 445ರಲ್ಲಿ ನಿಂತು ಒಂದು ಎಕ್ಸೈಟೇಷನ್ ಸ್ಪೆಕ್ಟ್ರಮ್ (ಯಾವ ತರಂಗದಲ್ಲಿ ಉದ್ದೀಪಿಸಿದರೆ ಆ ಬೆಳಕು ಎಷ್ಟು ಬರುತ್ತದೆ ಎಂಬ ನಕ್ಷೆ), 580ರಲ್ಲಿ ನಿಂತು ಇನ್ನೊಂದು ತೆಗೆಯಿರಿ. ಎರಡೂ ಒಂದರ ಮೇಲೊಂದು ಕೂತರೆ 580ರಲ್ಲಿ ಕಂಡದ್ದು ನೀಲಿಯದೇ ಬಾಲ. 580ರದ್ದು ಉದ್ದ ತರಂಗದ ಕಡೆ ಚಾಚಿಕೊಂಡಿದ್ದರೆ ಹೈಡ್ರೇಟ್ ಒಳಗಿದೆ. ಬಿಳಿ ಬೆಳಕು ಬಂತು ಎಂದು ಹೊಸ ವಸ್ತುವಿನ ಹೆಸರಿನಲ್ಲಿ ಹೇಳಿಕೊಳ್ಳುವ ಮುಂಚೆ ಈ ಎರಡು ಗೆರೆ ಎಳೆದು ನೋಡುವುದು ಕ್ಷೇಮ. ನೀಲಿ ಹರಳೂ ಹಳದಿ ಹರಳೂ ಬೆರೆತ ಪುಡಿಯೂ ಬಿಳಿಯಾಗಿಯೇ ಹೊಳೆಯಬಲ್ಲದು.

ಬೆಳಕು ಆರುವ ಸಮಯವೂ ಸಾಕ್ಷಿ ಹೇಳುತ್ತದೆ. ಆಂಟಿಮೊನಿಯ ಈ ನೀಲಿ ಟ್ರಿಪ್ಲೆಟ್ ಎಂಬ ಉದ್ರಿಕ್ತ ಸ್ಥಿತಿಯಿಂದ ಇಳಿಯುವ ಬೆಳಕು, ಪೂರ್ತಿ ಮುಕ್ತವೂ ಅಲ್ಲ, ಪೂರ್ತಿ ನಿಷಿದ್ಧವೂ ಅಲ್ಲ. ಆರಲು ಸುಮಾರು 1 ಮೈಕ್ರೊಸೆಕೆಂಡ್ ಬೇಕು. ಲೇಸರಿನ ಬಡಿತ ಸೆಕೆಂಡಿಗೆ ಹತ್ತು ಲಕ್ಷ ಇಟ್ಟರೆ ಒಂದು ಆರುವ ಮೊದಲೇ ಇನ್ನೊಂದು ಬೀಳುತ್ತದೆ. ಒಂದು ಲಕ್ಷಕ್ಕಿಂತ ಕೆಳಗಿಳಿಸಿ, 10 ಮೈಕ್ರೊಸೆಕೆಂಡಿನ ಕಿಟಕಿ ಸಿಗಲಿ. ಮೊದಲ ಕೆಲವು ನ್ಯಾನೋಸೆಕೆಂಡುಗಳಲ್ಲಿ ಚೂಪಾಗಿ ಬಿದ್ದುಹೋಗುವ ಭಾಗ ಕಂಡರೆ ಅದು ಚದುರಿದ ಲೇಸರ್ ಅಥವಾ ಆ ಲ್ಯಾಬ್ ಕೋಟಿನ ಎಳೆ. 1 ಮೈಕ್ರೊಸೆಕೆಂಡಿಗಿಂತ ಎಷ್ಟೋ ನಿಧಾನವಾದ ಬಾಲ ಕಂಡರೆ ಹೈಡ್ರೇಟನ್ನು ನೆನಪಿಸಿಕೊಳ್ಳಿ.

ಕ್ವಾಂಟಂ ಯೀಲ್ಡ್ (ಹೀರಿದ ನೂರು ಫೋಟಾನ್‌ಗಳಿಗೆ ಬೆಳಕಾಗಿ ಮರಳಿದವು ಎಷ್ಟು) ಅಂಕಿಯ ಬಗ್ಗೆ ಸ್ವಲ್ಪ ಅನುಮಾನವೇ ಒಳ್ಳೆಯದು. ಈ ವಸ್ತುವಿಗೆ ಪ್ರಕಟವಾದ ಮೌಲ್ಯ ಶೇ. 79ರ ಸುತ್ತ ಇದೆ. ಇಂಟಿಗ್ರೇಟಿಂಗ್ ಸ್ಫಿಯರಿನಲ್ಲಿ (ಒಳಗೆ ಬಿಳಿ ಲೇಪವಿರುವ ಟೊಳ್ಳು ಗೋಳ) ಅಳೆಯುವಾಗ ಹೀರಿದ ಫೋಟಾನ್‌ಗಳ ಲೆಕ್ಕ ಬರುವುದು ಎರಡು ದೊಡ್ಡ ಅಂಕಿಗಳ ಕಳೆತದಿಂದ: ಖಾಲಿ ಮಾದರಿಯಿಂದ ಚದುರಿದ್ದು, ಡೋಪ್ ಮಾಡಿದ್ದರಿಂದ ಚದುರಿದ್ದು. ಆಂಟಿಮೊನಿ ಕಡಿಮೆ ಇದ್ದು ಹೀರಿಕೆ ಶೇ. 10ಕ್ಕಿಂತ ಕೆಳಗಿಳಿದರೆ ಆ ಕಳೆತ ಗದ್ದಲದಲ್ಲಿ ಮುಳುಗುತ್ತದೆ. ಆಗ ಶೇ. 100 ದಾಟಿದ ಉತ್ತರವೂ ಬರುತ್ತದೆ, ಶೇ. 60 ಕೂಡ. ಪುಡಿ ಹೆಚ್ಚು ಹಾಕಿ, ಹೀರಿಕೆ ಅತಿ ಹೆಚ್ಚಿರುವ ತರಂಗದಲ್ಲೇ ಉದ್ದೀಪಿಸಿ, ‘ಖಾಲಿ’ಗೆ ಬರೀ ಕ್ಯುವೆಟ್ (ಮಾದರಿ ಹಾಕುವ ಪುಟ್ಟ ಪಾತ್ರೆ) ಇಡದೆ ಅದೇ ರೀತಿ ತಯಾರಿಸಿದ ಡೋಪ್ ಮಾಡದ ಪುಡಿ ಇಡಿ. ಕ್ಯುವೆಟ್ ಕ್ವಾರ್ಟ್ಜಿನದೇ ಇರಲಿ. ಸ್ಫಿಯರಿನ ಬಿಳಿ ಲೇಪಕ್ಕೆ ಬೆರಳು ತಾಗಿದ್ದರೆ ಆ ಕಲೆಯೂ ಯುವಿಯಲ್ಲಿ ಹೊಳೆಯುತ್ತದೆ.

ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿದರೆ ಅದೇ ಆಂಟಿಮೊನಿ 495ರ ಹಸಿರು ಬೀರುತ್ತದೆ. ಪೊಟ್ಯಾಸಿಯಂ ದೊಡ್ಡದು, ಅಷ್ಟಕ್ಕೆ ಚೌಕಟ್ಟು ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ. ಸಡಿಲ ಜಾಗದಲ್ಲಿ ಕ್ಲೋರಿನ್‌ಗಳು ಇನ್ನಷ್ಟು ಸರಿದಾಡುತ್ತವೆ, ಹೆಚ್ಚು ಶಕ್ತಿ ಅಲ್ಲೇ ಕಳೆಯುತ್ತದೆ. ತಯಾರಿಕೆ ಹೆಚ್ಚುಕಡಿಮೆ ಇದೇ.

ಮ್ಯಾಂಗನೀಸ್ ಸೇರಿಸುವುದು ಕೆಂಪಿಗಾಗಿ. ಮ್ಯಾಂಗನೀಸ್ 2+ ತಾನಾಗಿ ಯುವಿಯನ್ನು ಹೀರುವುದು ತೀರ ಕಡಿಮೆ, ಆಂಟಿಮೊನಿ ಹೀರಿದ್ದನ್ನು ಇಸಿದುಕೊಂಡು 600ರಿಂದ 650ರ ನಡುವೆ ಹೊಳೆಯುತ್ತದೆ. ಶೇ. 10 ಎಂದರೆ ಮ್ಯಾಂಗನೀಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 0.099 ಗ್ರಾಂ. 2+ ಹೋಗಿ 3+ ಜಾಗದಲ್ಲಿ ಒಂದೇ ಕೂತರೆ ಲೆಕ್ಕ ತಪ್ಪುತ್ತದೆ, ಪಕ್ಕದ ಸೋಡಿಯಂ ಜಾಗದಲ್ಲೂ ಒಂದು ಕೂತರೆ ಸರಿಹೋಗುತ್ತದೆ. ಈ ರಗಳೆಯಿಂದಲೇ ಹಾಕಿದ್ದರಲ್ಲಿ ಒಳಗೆ ಹೋಗುವ ಪಾಲು ಸಣ್ಣದು. ನೀಲಿ ತಗ್ಗಿತು, ಕೆಂಪು ಏರಿತು ಎಂಬಷ್ಟಕ್ಕೇ ಶಕ್ತಿ ದಾಟಿದೆ ಎನ್ನಲಾಗದು. ಆಂಟಿಮೊನಿ ಕಡಿಮೆ ಸೇರಿದ್ದರೂ ನೀಲಿ ತಗ್ಗುತ್ತದೆ. ಮ್ಯಾಂಗನೀಸ್ ಏರಿದಂತೆ 445ರ ಆರುವ ಸಮಯ 1 ಮೈಕ್ರೊಸೆಕೆಂಡಿನಿಂದ ಕಡಿಮೆಯಾಗುತ್ತ ಬಂದರೆ ಅದು ಪುರಾವೆ. ಕೆಂಪಿನ ಆಯುಸ್ಸು ಮಿಲಿಸೆಕೆಂಡುಗಳಲ್ಲಿ, ಅದಕ್ಕೆ ಫ್ಲಾಶ್‌ಲ್ಯಾಂಪ್ ಬೇಕು, ಬಡಿತ ಸೆಕೆಂಡಿಗೆ ನೂರಕ್ಕಿಂತ ಹೆಚ್ಚಿರಬಾರದು. ಇಪಿಆರ್ (ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರದಲ್ಲಿ ಗುರುತಿಸುವ ಯಂತ್ರ) ಸಿಕ್ಕರೆ ಆರು ಗೆರೆ ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿ. ಒಂದೇ ಅಗಲ ಗುಡ್ಡವಾಗಿದ್ದರೆ ಮ್ಯಾಂಗನೀಸ್‌ಗಳು ಗುಂಪು ಕಟ್ಟಿವೆ.

ಬೆಳ್ಳಿಯ ದಾರಿ ಬೇರೆ. 2018ರಲ್ಲಿ ವುಹಾನ್‌ನ ಜಿಯಾಂಗ್ ಟ್ಯಾಂಗ್ ತಂಡ ‘ನೇಚರ್’ನಲ್ಲಿ ಪ್ರಕಟಿಸಿದ್ದು ಸೋಡಿಯಂ ಜಾಗದಲ್ಲಿ ಶೇ. 60 ಬೆಳ್ಳಿ, ಶೇ. 40 ಸೋಡಿಯಂ ಬೆರೆತ, ಶೇ. 0.04 ಬಿಸ್ಮತ್ ಸೋಂಕಿದ ಹರಳು. ಅಲ್ಲಿ ಹೊಳೆಯುವುದು ಡೋಪಂಟ್ ಅಲ್ಲ, ಹರಳಿನ ಒಳಗೇ ಸಿಕ್ಕಿಬಿದ್ದ ಎಕ್ಸಿಟಾನ್, ಅಂದರೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗದ ಜೋಡಿ. ಬೆಚ್ಚನೆಯ ಬಿಳಿ ಬೆಳಕು, ಯೀಲ್ಡ್ ಶೇ. 86. ಬೆಳ್ಳಿ ಮಾತ್ರ ಇದ್ದರೆ ಆ ಬೆಳಕಿಗೆ ಸಮಮಿತಿಯ ನಿಯಮ ಅಡ್ಡಿ, ಸೋಡಿಯಂ ಆ ಸಮಮಿತಿಯನ್ನು ಮುರಿಯುತ್ತದೆ. ಮಾಡಹೊರಟರೆ ಮೊದಲ ಅಡ್ಡಿ ತಕ್ಕಡಿಯದು: 5 ಮಿಲಿಮೋಲ್ ಬ್ಯಾಚಿಗೆ ಬಿಸ್ಮತ್ ಕ್ಲೋರೈಡ್ 0.63 ಮಿಲಿಗ್ರಾಂ. ಅದನ್ನು ತೂಗಲು ಹೋಗಬೇಡಿ. 31.5 ಮಿಲಿಗ್ರಾಂ ಅನ್ನು 10 ಮಿಲಿಲೀಟರ್ ಆಮ್ಲದಲ್ಲಿ ಕರಗಿಸಿ, ಅದರಲ್ಲಿ 0.2 ಮಿಲಿಲೀಟರ್ ತೆಗೆದುಕೊಳ್ಳಿ. ಬೆಳ್ಳಿ ಕ್ಲೋರೈಡ್ 0.430 ಗ್ರಾಂ, ಉಪ್ಪು 0.117 ಗ್ರಾಂ. ಬೆಳ್ಳಿ ಕ್ಲೋರೈಡ್ ಬೆಳಕಿಗೆ ಕಪ್ಪಾಗುತ್ತದೆ, ತೂಗುವುದರಿಂದ ಸೋಸುವವರೆಗೆ ಮಂದ ಬೆಳಕಿನಲ್ಲೇ ಕೆಲಸ.

ಕೊನೆಗೆ, ಸೋಸಿ ಉಳಿದ ಆಮ್ಲವನ್ನು ಕೂಡಲೇ ತ್ಯಾಜ್ಯಕ್ಕೆ ಸುರಿಯಬೇಡಿ. ಅದರಲ್ಲಿ ಸೀಸಿಯಂ, ಇಂಡಿಯಂ, ಆಂಟಿಮೊನಿ ಇನ್ನೂ ಇವೆ, ಸೋಡಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹುಡ್ ಒಳಗೆ ಅಗಲ ಬಾಯಿಯ ಬೀಕರಿನಲ್ಲಿ ಕೆಲವು ದಿನ ಬಿಟ್ಟರೆ ಆವಿಯಾಗುತ್ತ ತಳದಲ್ಲಿ ಪಾರದರ್ಶಕ ಹರಳುಗಳು ಕಟ್ಟುತ್ತವೆ. 365ರ ಟಾರ್ಚಿಗೆ ಹಳದಿಯಾಗಿ ಉರಿಯುತ್ತವೆ. ಅದೇ ಹೈಡ್ರೇಟ್, ಬೇಡವೆಂದು ಓಡಿಸುತ್ತಿದ್ದದ್ದು ಈಗ ಶುದ್ಧ ರೂಪದಲ್ಲಿ ಕೈಯಲ್ಲಿದೆ. ಎಥನಾಲಿನಲ್ಲಿ ತೊಳೆದು ಒಣಗಿಸಿ ಬಾಟಲಿಯಲ್ಲಿಡಿ. ಒಳ್ಳೆಯ ನೀಲಿ ಪುಡಿ 198 ಮಿಲಿಗ್ರಾಂಗೆ ಇದನ್ನು 2 ಮಿಲಿಗ್ರಾಂ ಬೆರೆಸಿ ಅರೆದು, ಎರಡೂ ದೀಪಗಳಲ್ಲಿ ನೋಡಿ, ಸ್ಪೆಕ್ಟ್ರಮ್ ತೆಗೆದು, ಎಕ್ಸ್‌ಆರ್‌ಡಿಯನ್ನೂ ತೆಗೆದಿಡಿ. ಶೇ. 1 ಹೈಡ್ರೇಟ್ ನಿಮ್ಮ ಯಂತ್ರಗಳಲ್ಲಿ ಹೇಗೆ ಕಾಣುತ್ತದೆ, ಯಾವುದರಲ್ಲಿ ಕಾಣುವುದೇ ಇಲ್ಲ ಎಂಬುದು ಆಗ ಗೊತ್ತಿರುತ್ತದೆ. ಮುಂದಿನ ಪ್ರತಿ ಬ್ಯಾಚನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಿದರಾಯಿತು.